ಎರಡನೇ ಬ್ರೇಕು

ಬೆಳಿಗ್ಗೆ ಏಳು ಹೊಡೆಯುವ ಹೊತ್ತಿಗೆ ಮೇಷ್ಟ್ರು ಅಡುಗೆಮನೆಯ ಕುರ್ಚಿಯಲ್ಲಿ ಕೂತು, ಊಟದ ತಟ್ಟೆಯನ್ನು ಎರಡು ಕೈಯಲ್ಲೂ ಹಿಡಿದು, ಈ ದೇಶದ ಅಷ್ಟೂ ರಸ್ತೆಗಳನ್ನು ಮೂರು ಸುತ್ತು ಹಾಕಿಬಿಟ್ಟಿದ್ದರು. ತಟ್ಟೆಯೇ ಸ್ಟಿಯರಿಂಗು. ಬಲಗಾಲಿನ ಮುಂದೆ ಹೆಂಡತಿಯ ಮನೆಚಪ್ಪಲಿ ಎರಡು: ಒಂದು ಬ್ರೇಕು, ಒಂದು ಆಕ್ಸಿಲರೇಟರು. ತಟ್ಟೆ ಹೇಳಿದ ಮಾತು ಕೇಳುತ್ತಿತ್ತು, ಕಣ್ಣು ಕೇಳುತ್ತಿತ್ತು, ಕತ್ತು ಕೂಡ ಇಲ್ಲಿನ ಕಾಯಿದೆಯಂತೆ ಎಡಕ್ಕೆ ಬಲಕ್ಕೆ ತಿರುಗಿ ತಿರುಗಿ ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು. ಕೇಳದೆ ಇದ್ದದ್ದು ಬಲಗಾಲು ಒಂದೇ. ಅದು ಆಕ್ಸಿಲರೇಟರಿನ ಚಪ್ಪಲಿಯ ಮೇಲೆ ಅರೆಗಳಿಗೆ ನಿಲ್ಲುವುದು, ಯಾರೋ ಕಿವಿ ಹಿಡಿದು ಎಳೆದಂತೆ ಸರಕ್ಕನೆ ಬ್ರೇಕಿನ ಚಪ್ಪಲಿಗೆ ಹೋಗಿ ಅದುಮಿಕೊಂಡು ಕೂರುವುದು. ಎದುರಿಗಿದ್ದದ್ದು ಗೋಡೆ, ಗೋಡೆಯ ಮೇಲೊಂದು ಕ್ಯಾಲೆಂಡರು. ಗೋಡೆಗೂ ಬ್ರೇಕು, ಕ್ಯಾಲೆಂಡರಿಗೂ ಬ್ರೇಕು, ಇವತ್ತಿನ ತಾರೀಖಿನ ಸುತ್ತ ಹೆಂಡತಿ ಬರೆದಿದ್ದ ಕೆಂಪು ಸೊನ್ನೆಗೂ ಬ್ರೇಕು.

ಇವತ್ತು ಮೂರನೆಯ ಪರೀಕ್ಷೆ. ಈ ದೇಶದಲ್ಲಿ ಡ್ರೈವಿಂಗ್ ಪರೀಕ್ಷೆಗೆ ಕೊಡುವುದು ಮೂರೇ ಅವಕಾಶ. ಮೂರರಲ್ಲೂ ಬಿದ್ದವನು ಇನ್ನೆರಡು ವರ್ಷ ಆ ಕಚೇರಿಯ ಕಡೆ ತಲೆ ಹಾಕುವಂತಿಲ್ಲ. ಎರಡು ವರ್ಷ ಷಡ್ಡಕ ಕಾಯುವುದಿಲ್ಲ. ಹೆಂಡತಿಯ ಅಕ್ಕನ ಗಂಡನಾದ ಅವನು ಪಾರ್ಸೆಲ್ ಸಾಗಿಸುವ ಒಂಬತ್ತು ವ್ಯಾನುಗಳ ಒಡೆಯ. ಹತ್ತನೆಯದನ್ನು ಮೇಷ್ಟ್ರಿಗಾಗಿ ಎರಡು ತಿಂಗಳಿಂದ ಶೆಡ್ಡಿನಲ್ಲಿ ನಿಲ್ಲಿಸಿಕೊಂಡಿದ್ದ, ಸೋಮವಾರ ಯಾರಾದರೂ ಅದರೊಳಗೆ ಕೂರಲೇಬೇಕು ಎಂದು ಹೇಳಿಯಾಗಿತ್ತು. ಮೇಷ್ಟ್ರು ಅಂದರೆ ಸುಮ್ಮನೆ ಮೇಷ್ಟ್ರಲ್ಲ. ಗಡಿಯಾಚೆ ತಮ್ಮ ಊರಲ್ಲಿ ಇಪ್ಪತ್ತೆರಡು ವರ್ಷ ಡ್ರೈವಿಂಗ್ ಸ್ಕೂಲು ನಡೆಸಿ, ಹನ್ನೊಂದು ಸಾವಿರ ಜನಕ್ಕೆ ಸ್ಟಿಯರಿಂಗ್ ಹಿಡಿಸಿದವರು. ಇಬ್ಬರು ನ್ಯಾಯಾಧೀಶರು, ಒಂದೇ ಮನೆಯ ಮೂರು ತಲೆಮಾರು, ತನ್ನ ನೆರಳು ಕಂಡರೆ ತಾನೇ ಬೆಚ್ಚುತ್ತಿದ್ದ ಬ್ಯಾಂಕಿನ ಗುಮಾಸ್ತ, ಎಲ್ಲರೂ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡೇ ದಾರಿಗೆ ಬಂದವರು. ಎಮ್ಮೆಯನ್ನು ತಂದು ಕೂರಿಸಿದ್ದರೂ ಆರು ವಾರದಲ್ಲಿ ಅದು ಇಳಿಜಾರಿನಲ್ಲಿ ರಿವರ್ಸ್ ತೆಗೆಯುತ್ತಿತ್ತು. ಅಷ್ಟು ವರ್ಷಗಳಲ್ಲಿ ಅವರ ಕಾರಿನ ಚಕ್ರಕ್ಕೆ ಸಿಕ್ಕಿ ಒಂದು ಇರುವೆ ಸತ್ತಿರಲಿಲ್ಲ, ಹಾಗೆಂದು ಬೋರ್ಡಿನ ಮೇಲೂ ಬರೆಸಿದ್ದರು. ಅದರ ಗುಟ್ಟು ಎಡಸೀಟಿನ ಕೆಳಗಿತ್ತು. ಅಲ್ಲಿ ಸ್ಟಿಯರಿಂಗ್ ಬಲಕ್ಕೆ. ಕಲಿಯುವವರು ಬಲಕ್ಕೆ, ಕಲಿಸುವವರು ಎಡಕ್ಕೆ. ಮೇಷ್ಟ್ರು ಮೆಕ್ಯಾನಿಕ್ಕಿನ ಬೆನ್ನು ಬಿದ್ದು ಎಡಸೀಟಿನ ಕೆಳಗೊಂದು ಎರಡನೇ ಬ್ರೇಕು ಕೂರಿಸಿಕೊಂಡಿದ್ದರು. ಅಲ್ಲಿ ಬೇರೆ ಪೆಡಲಿಲ್ಲ, ಬ್ರೇಕೊಂದೇ. ಇಪ್ಪತ್ತೆರಡು ವರ್ಷ ಆ ಸೀಟಿನಲ್ಲಿ ಕೂತು ಅದೊಂದನ್ನೇ ಒತ್ತಿದ್ದರು. ಈ ದೇಶಕ್ಕೆ ಬಂದು ನೋಡಿದರೆ ಸ್ಟಿಯರಿಂಗ್ ಎಡಕ್ಕೆ. ಓಡಿಸುವವನು ಕೂರಬೇಕಾದದ್ದು, ಮೇಷ್ಟ್ರ ಮೈ ಬ್ರೇಕು ಬಿಟ್ಟು ಬೇರೇನನ್ನೂ ಅರಿಯದ, ಅದೇ ಜಾಗದಲ್ಲಿ.

ಫೋನು ಬಂತು. ಷಡ್ಡಕ.

"ಮೇಷ್ಟ್ರೇ, ಇವತ್ತು ನನ್ನ ಕೈಲಿ ಬರಕ್ಕಾಗಲ್ಲ. ಏಳನೇ ವ್ಯಾನು ಹೈವೇಲಿ ಮಲ್ಕೊಂಡಿದೆ, ಎಬ್ಬಿಸ್ಕೊಂಡು ಬರಕ್ಕೆ ಹೊರಟಿದೀನಿ."

"ಅಯ್ಯೋ ಭಾವ, ಲೈಸೆನ್ಸ್ ಇರೋರು ಜೊತೆಗಿಲ್ದಿದ್ರೆ ಅವ್ರು ಗೇಟೊಳಗೇ ಬಿಡಲ್ಲ."

"ಅದಕ್ಕ್ಯಾಕೆ ಯೋಚ್ನೆ, ಮನೇಲೇ ಇದಾರಲ್ಲ."

"ಯಾರು?"

ಆ ಕಡೆ ಒಂದು ಲಾರಿ ಹಾದುಹೋಯಿತು. "ಇನ್ನೂ ಹೇಳಿಲ್ವಾ," ಎಂದ ಷಡ್ಡಕ. "ಸರಿ ಬಿಡಿ, ಮೆಕ್ಯಾನಿಕ್ ಬಂದ," ಎಂದು ಇಟ್ಟುಬಿಟ್ಟ.

ಹೆಂಡತಿ ಸಿಂಕಿನ ಹತ್ತಿರ ನಿಂತು, ತೊಳೆದಾಗಿದ್ದ ಲೋಟವನ್ನು ಮತ್ತೊಂದು ಸಲ ತೊಳೆಯುತ್ತಿದ್ದಳು.

"ಯಾವಾಗ?"

"ಮೂರು ವಾರ ಆಯ್ತು."

"ಎಷ್ಟನೇ ಸಲಕ್ಕೆ?"

"ಬಿಡ್ರೀ, ಈಗ ಅದೆಲ್ಲ ಯಾಕೆ."

"ಎಷ್ಟನೇ ಸಲಕ್ಕೆ ಅಂತ ಕೇಳ್ದೆ."

ಅವಳು ಲೋಟವನ್ನು ಬೋರಲು ಹಾಕಿದಳು. "ಒಂದೇ ಸಲಕ್ಕೆ."

ಮನೆಯ ನಾಲ್ಕು ಗೋಡೆಗಳೂ ಒಂದೊಂದು ಗೇಣು ಒಳಕ್ಕೆ ಸರಿದವು. ಮೇಷ್ಟ್ರು ಕಣ್ಣಾರೆ ಕಂಡರು. ಕಲಿಸಿದ್ದು ಯಾರು ಎಂದರೆ, ಅವಳು ಕೆಲಸ ಮಾಡುವ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಬಟ್ಟೆ ಇಸ್ತ್ರಿ ಮಾಡುವ ಹೆಂಗಸು. ಊಟದ ಬಿಡುವಿನಲ್ಲಿ, ಆಸ್ಪತ್ರೆಯ ಹಿಂದಿನ ಖಾಲಿ ಜಾಗದಲ್ಲಿ, ಬುತ್ತಿ ಉಂಡು ಉಳಿದ ಇಪ್ಪತ್ತು ಇಪ್ಪತ್ತು ನಿಮಿಷ. ಒಬ್ಬ ಇಸ್ತ್ರಿಯವಳು. "ನೀವು ಪಾಸಾದ್ಮೇಲೆ ಹೇಳೋಣ ಅಂತಿದ್ದೆ," ಎಂದಳು ಹೆಂಡತಿ. "ನಿಮ್ದು ಎರಡು ಸಲಾನೂ ಹಂಗಾಯ್ತಲ್ಲ." ಹಂಗಾಯ್ತಲ್ಲ ಎಂಬ ಆ ಮಾತಿನಲ್ಲಿ ಎಷ್ಟು ಮರ್ಯಾದೆ ಇತ್ತೆಂದರೆ, ಅದರ ಬದಲು ಅವಳು ಲೋಟವನ್ನೇ ಎತ್ತಿ ಮುಖಕ್ಕೆ ಎಸೆದಿದ್ದರೆ ಮೇಷ್ಟ್ರು ಹಿಡಿದುಕೊಂಡು ಥ್ಯಾಂಕ್ಸ್ ಹೇಳುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ ಕುರ್ಚಿಯ ಬೆನ್ನಿಗೆ ನೇತುಬಿದ್ದಿತ್ತು. ತಿಳಿನೀಲಿ. ಊರಿನ ದರ್ಜಿ ಹೊಲಿದದ್ದು. ಬೇರೆಯದನ್ನು ಕೊಡು ಎನ್ನಲು ಬಾಯಿ ತೆರೆದವರು ಮುಚ್ಚಿಕೊಂಡರು. ಅವರ ಹತ್ತಿರ ಇದ್ದ ಅಂಗಿಗಳೆಲ್ಲ ಅದೇ ದರ್ಜಿ ಹೊಲಿದವೇ. ಗುಂಡಿ ಹಾಕುವಾಗ ಕಾಲರು ಕುತ್ತಿಗೆಯ ಅಳತೆಯನ್ನು ಮತ್ತೊಂದು ಸಲ ತೆಗೆದುಕೊಂಡಿತು.

ಷಡ್ಡಕ ಅಭ್ಯಾಸಕ್ಕೆಂದು ಕೊಟ್ಟಿದ್ದ ಹಳೆಯ ಕಾರು ಮನೆಯ ಮುಂದೆ ನಿಂತಿತ್ತು. ಮೇಷ್ಟ್ರು ಎಡಬಾಗಿಲಿಗೆ ಹೋದರು. ಕಲಿಯುವವರ ಜೊತೆ ಹೊರಟಾಗ ಹೋಗುವುದು ಎಡಕ್ಕೇ. ಹೆಂಡತಿಯೂ ಎಡಬಾಗಿಲಿಗೆ ಬಂದಳು. ಇಲ್ಲಿ ಓಡಿಸುವವರು ಕೂರುವುದು ಎಡಕ್ಕೇ. ಒಂದು ಹಿಡಿಕೆಯ ಮೇಲೆ ಎರಡು ಕೈ. ಗಂಡಹೆಂಡಿರ ಕೈ ಹೀಗೆ ಒಂದರ ಮೇಲೊಂದು ಬಿದ್ದು ನೂರು ವರ್ಷವಾಗಿತ್ತೇನೋ. "ಆ ಕಡೆ," ಎಂದಳು ಅವಳು, ಅಂಗಡಿಯಲ್ಲಿ ಗಿರಾಕಿಗೆ ಸಾಲು ತೋರಿಸುವವಳಂತೆ. ಮೇಷ್ಟ್ರು ಕಾರನ್ನು ಸುತ್ತಿಕೊಂಡು ಹೋದರು. ಬಾನೆಟ್ಟಿನ ಮುಂದೆ ಹಾದು ಬಲಬಾಗಿಲು ಮುಟ್ಟುವುದಕ್ಕೆ ಅವರಿಗೆ ಗಡಿ ದಾಟಿದಷ್ಟು ಹೊತ್ತು ಹಿಡಿಯಿತು. ಬಲಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡ ಮೇಲೆ ಕೈಗಳು ತಮ್ಮಷ್ಟಕ್ಕೆ ತಾವೇ ಮೇಲೆದ್ದು ಗಾಳಿಯಲ್ಲಿ ಸ್ಟಿಯರಿಂಗ್ ಹುಡುಕಿದವು. ಸಿಗದೆ, ಮಡಿಲಿಗೆ ಇಳಿದು ಒಂದನ್ನೊಂದು ಹಿಡಿದುಕೊಂಡವು.

ಅವಳು ಓಡಿಸಿದಳು. ಅದನ್ನು ಹೇಗೆ ಹೇಳುವುದು? ಮೇಷ್ಟ್ರು ತಪ್ಪು ಹುಡುಕಲು ಭೂತಗನ್ನಡಿ ಹಿಡಿದು ಕೂತಿದ್ದರು. ಮೊದಲನೆಯ ತಿರುವಿನಲ್ಲಿ ಸಿಗಲಿಲ್ಲ, ಎರಡನೆಯದರಲ್ಲಿ ಸಿಗಲಿಲ್ಲ, ಮೂರನೆಯದರಲ್ಲಿ ಅವಳು ಕನ್ನಡಿ ನೋಡುವುದಕ್ಕೆ ಒಂದು ಕೂದಲಿನಷ್ಟು ತಡ ಮಾಡಿದಳೆಂದು ಅನ್ನಿಸಿ ಬಾಯಿ ತೆರೆಯುವಷ್ಟರಲ್ಲಿ, ಅವಳು ಮೊದಲೇ ನೋಡಿಯಾಗಿತ್ತೆಂದು ಗೊತ್ತಾಯಿತು. ಹೊರಗೆ ಊರು ಹರಿಯುತ್ತಿತ್ತು. ಊರೆಂದರೆ ರಸ್ತೆ, ರಸ್ತೆಗಳ ಮಧ್ಯೆ ಜಾಗ ಉಳಿದರೆ ಅಲ್ಲೊಂದು ಮನೆ. ಈ ದೇಶದವರಿಗೆ ಕಾಲಿರುವುದು ಪೆಡಲ್ ಒತ್ತುವುದಕ್ಕೆ ಮಾತ್ರ. ಬ್ಯಾಂಕಿಗೂ ಕಿಟಕಿ, ಔಷಧಿಗೂ ಕಿಟಕಿ, ಕಾರಿನಿಂದ ಇಳಿಯದೆ ಹೆಣದ ದರ್ಶನ ಮಾಡುವುದಕ್ಕೂ ಒಂದು ಕಿಟಕಿ ಇದೆಯೆಂದು ಷಡ್ಡಕ ಆಣೆ ಇಟ್ಟು ಹೇಳುತ್ತಿದ್ದ. ಬಂದ ಹೊಸದರಲ್ಲಿ ಮೇಷ್ಟ್ರು ನಡೆದುಕೊಂಡೇ ಹೋಗಿ ಒಂದು ಕಾಫಿಯ ಕಿಟಕಿಯ ಸಾಲಿನಲ್ಲಿ ನಿಂತಿದ್ದರು, ಮುಂದೊಂದು ಕಾರು, ಹಿಂದೊಂದು ಕಾರು, ನಡುವೆ ಇವರು. ಮುಂದಿನದು ಸರಿದಾಗ ಇವರೂ ಒಂದು ಕಾರಿನುದ್ದ ಸರಿದರು. ಕಿಟಕಿ ಬಂದಾಗ ಒಳಗಿದ್ದ ಹುಡುಗಿ ಇವರ ತಲೆಯ ಮೇಲಿಂದ ಇಣುಕಿ, ನಿಮ್ಮ ಗಾಡಿ ಎಲ್ಲಿ ಎಂದಳು. ನಡೆದು ಬಂದೆ ಎಂದರು. ಗಾಡಿ ಇಲ್ಲದವರಿಗೆ ಕೊಡುವ ಹಾಗಿಲ್ಲ ಎಂದಳು, ಬೇಜಾರಿನಿಂದಲೇ. ಹಿಂದಿನ ಕಾರಿನವನು ಹಾರ್ನ್ ಕೂಡ ಹೊಡೆಯಲಿಲ್ಲ. ಇಲ್ಲಿ ಯಾರೂ ಹೊಡೆಯುವುದಿಲ್ಲ. ಅವನು ನಕ್ಕು ಕಾದ. ಹೊಡೆದಿದ್ದರೆ ಒಂದು ಬೈಗುಳದಲ್ಲಿ ಮುಗಿದುಹೋಗುತ್ತಿತ್ತು. ಮೇಷ್ಟ್ರು ಏನು ಮಾಡುತ್ತಿದ್ದೇನೆಂದು ತಮಗೇ ತಿಳಿಯುವ ಮುಂಚೆ ಬಲಗೈಯನ್ನು ಹೊರಕ್ಕೆ ಚಾಚಿ, ಸಿಗ್ನಲ್ ಕೊಟ್ಟು, ಬಲಕ್ಕೆ ತಿರುಗಿ ಸಾಲಿನಿಂದ ಹೊರಬಿದ್ದಿದ್ದರು. ಇನ್ನೊಂದು ದಿನ ಪೊಲೀಸರ ಗಾಡಿ ಪಕ್ಕಕ್ಕೆ ಬಂತು. ಕಾರು ಕೆಟ್ಟಿತೇ? ಇಲ್ಲ. ಯಾರಾದರೂ ಕದ್ದರೇ? ಇಲ್ಲ. ಹಾಗಾದರೆ ಯಾಕೆ ನಡೆಯುತ್ತಿದ್ದೀರಿ? ಹನ್ನೊಂದು ಸಾವಿರ ಶಿಷ್ಯರ ಗುರುವನ್ನು ಪೊಲೀಸರೇ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಮನೆಗೆ ಬಿಟ್ಟರು. ಬೀದಿಯ ಒಂದೊಂದು ಕಿಟಕಿಯ ಪರದೆಯೂ ಎರಡೆರಡು ಬೆರಳು ಸರಿಯಿತು.

ಸ್ಟಿಯರಿಂಗಿನ ಮೇಲೆ ಅವಳ ಕೈ ಬಟ್ಟೆ ಮಡಿಸುವ ಕೈಯಂತೆ ಅವಸರವಿಲ್ಲದೆ ಆಡುತ್ತಿತ್ತು. ಬೆರಳ ತುದಿ ಲಾಂಡ್ರಿಯ ಸೋಪಿಗೆ ಸುಕ್ಕಾಗಿತ್ತು. ಇದೇ ಕೈ ಹಿಂದೆ ಊರಲ್ಲಿ, ಮೇಷ್ಟ್ರು ಪಾಠ ಹೇಳುತ್ತಿದ್ದ ಮೈದಾನದಲ್ಲಿ ಬೆವರುತ್ತಿತ್ತು. ಹಿಂದಿನ ಸೀಟಿನಲ್ಲಿ ನಾಲ್ಕು ಜನ ಶಿಷ್ಯರು, ಸರದಿಗೆ ಕಾಯುತ್ತ ಒಬ್ಬರ ಮೇಲೊಬ್ಬರು. ಅವಳಿಗೆ ಮೂರನೆಯ ದಿನದ ಪಾಠ. ಅವಳು ಗೇರು ಹಾಕುವ ಮುಂಚೆ ಇವರ ಕಾಲು ಬ್ರೇಕಿನ ಮೇಲೆ. ತಿರುಗಿಸುವ ಮುಂಚೆ ಬ್ರೇಕು. ನಾಯಿ ಇಲ್ಲ, ನರಪಿಳ್ಳೆ ಇಲ್ಲ, ಬಟಾಬಯಲಿಗೂ ಬ್ರೇಕು. ಅವಳ ಹಣೆ ಮುಂದಕ್ಕೆ ಹೋಗಿ ಹಿಂದಕ್ಕೆ ಬರುವುದು, ಮುಂದಕ್ಕೆ ಹೋಗಿ ಹಿಂದಕ್ಕೆ ಬರುವುದು. "ನಿನ್ನ ಕೈಗೆ ಸೌಟೇ ಸರಿ ಕಣೇ," ಎಂದಿದ್ದರು. ಹಿಂದಿನ ಸೀಟು ನಕ್ಕಿತ್ತು. ಆ ನಗು ಕೇಳುವುದಕ್ಕೇ ಅಂದಿದ್ದು. ಅವಳು ಗೇರನ್ನು ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಕನ್ನಡಿ ನೋಡಿ, ಬಾಗಿಲು ತೆಗೆದು ಇಳಿದು, ಸೀರೆಯ ಅಂಚು ಎತ್ತಿಕೊಂಡು ಮೈದಾನ ದಾಟಿ ಮನೆಗೆ ನಡೆದಿದ್ದಳು. ಒಂದಾದರೂ ಕ್ರಮ ತಪ್ಪಿರಲಿಲ್ಲ. ಆಗಲೇ ಅವಳು ಪಾಸಾಗಿದ್ದಳೆಂಬುದು ಮೇಷ್ಟ್ರಿಗೆ ಈಗ ಹನ್ನೆರಡು ವರ್ಷದ ಮೇಲೆ, ಬಲಸೀಟಿನಲ್ಲಿ ಬೆಲ್ಟು ಕಟ್ಟಿಸಿಕೊಂಡು ಕೂತಾಗ ಹೊಳೆಯಿತು.

"ಯಾಕ್ರೀ ಕಾಲು ಹಂಗೆ ಆಡಿಸ್ತೀರ, ಮ್ಯಾಟು ಹರಿದೋಗತ್ತೆ," ಎಂದಳು ಹೆಂಡತಿ.

ನೋಡಿಕೊಂಡರು. ಬಲಗಾಲು ಖಾಲಿ ನೆಲವನ್ನು ತುಳಿಯುತ್ತಿತ್ತು.

"ನಂಗೆ ಗೊತ್ತಾಗಲ್ಲ ಕಣೇ. ತಾನೇ ಹೋಗತ್ತೆ."

"ಒಂದ್ ಮಾತು ಹೇಳ್ತೀನಿ, ಸಿಟ್ಟಾಗಬೇಡಿ. ಆ ಸೀಟಲ್ಲಿ ಕೂತ ತಕ್ಷಣ ನೀವು ಮೇಷ್ಟ್ರಾಗ್ಬಿಡ್ತೀರ. ಇವತ್ತು ಆಗಬೇಡಿ. ನಾನು ಶಿಷ್ಯ, ಪಕ್ಕದಲ್ಲಿ ಇರೋರು ಮೇಷ್ಟ್ರು ಅಂದ್ಕೊಳ್ಳಿ. ಅವ್ರು ನೋಡ್ಕೋತಾರೆ, ನಾನು ಓಡ್ಸಿದ್ರೆ ಸಾಕು ಅಂದ್ಕೊಳ್ಳಿ."

"ಇಸ್ತ್ರಿ ಮೇಡಮ್ಮು ಹೇಳ್ಕೊಟ್ಟಿದ್ದಾ ಇದು?"

"ಅವಳಿಗೆ ನಿಮ್ಮ ವಿಷ್ಯ ಯಾಕೆ ಹೇಳ್ಲಿ. ನಾನೇ ಯೋಚ್ನೆ ಮಾಡಿದ್ದು."

ಅವಳು ತಮ್ಮ ಬಗ್ಗೆ ಯೋಚನೆ ಮಾಡುತ್ತಾಳೆ, ಹಾಸಿಗೆಬಟ್ಟೆ ಮಡಿಸುತ್ತ, ಇಸ್ತ್ರಿಯ ಹಬೆಯಲ್ಲಿ ನಿಂತು, ಆ ಸೀಟಿನಲ್ಲಿ ಇವರಿಗೆ ಏನಾಗುತ್ತದೆಂದು ಲೆಕ್ಕ ಹಾಕುತ್ತಾಳೆ. ಮೇಷ್ಟ್ರು ಕಾಲರಿನೊಳಗೆ ಬೆರಳು ತೂರಿಸಿ ಎಳೆದುಕೊಂಡರು. ಈ ಅಂಗಿಗೆ ಅಳತೆ ತೆಗೆಯುವಾಗ ದರ್ಜಿ, ಮೇಷ್ಟ್ರೇ ನಾನೂ ಒಂದು ಹಳೇ ಕಾರು ತಗೊಂಡೆ ಎಂದಿದ್ದ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. ನಲವತ್ತು ದಿನ ಕಲಿತ. ಅಷ್ಟು ವಿನಯದ ಶಿಷ್ಯ ಇನ್ನೊಬ್ಬನಿರಲಿಲ್ಲ. ಬೈದರೆ ಕ್ಷಮಿಸಿ ಎನ್ನುತ್ತಿದ್ದ, ಹೊಗಳಿದರೂ ಕ್ಷಮಿಸಿ ಎನ್ನುತ್ತಿದ್ದ. ಲೈಸೆನ್ಸ್ ಬಂದ ಮೊದಲನೆಯ ಭಾನುವಾರ ತನ್ನ ಹೆಂಡತಿಯನ್ನು ಎಡಸೀಟಿನಲ್ಲಿ ಕೂರಿಸಿಕೊಂಡು ಹೊರಟ. ಕೂಡುರಸ್ತೆಯಲ್ಲಿ ಜಲ್ಲಿ ತುಂಬಿದ ಟಿಪ್ಪರು ಅಡ್ಡ ಬಂತು. ದೂರದಿಂದಲೇ ಕಾಣುತ್ತಿತ್ತಂತೆ. ಬ್ರೇಕಿನ ಗುರುತು ರಸ್ತೆಯ ಮೇಲೆ ಒಂದು ಗೇಣೂ ಇರಲಿಲ್ಲ. ಆ ಹೆಂಗಸು ಅಲ್ಲೇ ಹೋದಳು. ಒಬ್ಬಳು. ಅದು ಮೇಷ್ಟ್ರ ಕಾರಲ್ಲ, ಮೇಷ್ಟ್ರ ಪಾಠದ ಹೊತ್ತಲ್ಲ. ಬೋರ್ಡಿನ ಮಾತು ಸುಳ್ಳಾಗಲಿಲ್ಲ. ಆದರೂ ಎಂಟು ತಿಂಗಳಲ್ಲಿ ಮೇಷ್ಟ್ರು ಬೋರ್ಡು ಇಳಿಸಿದರು. ಹೆಂಡತಿಗೆ ಇಲ್ಲಿ ಕೆಲಸ ಸಿಕ್ಕಿತಲ್ಲ, ಅದಕ್ಕೇ ಮುಚ್ಚಿದೆ ಎಂದು ಕೇಳಿದವರಿಗೆಲ್ಲ ಹೇಳಿದರು. ಕೇಳದವರಿಗೂ ಹೇಳಿದರು.

ಕಚೇರಿಯ ಅಂಗಳದಲ್ಲಿ ಬಿಳಿ ಗೆರೆಗಳ ನಡುವೆ ಹೆಂಡತಿ ಕಾರನ್ನು ಒಂದೇ ಏಟಿಗೆ ನಿಲ್ಲಿಸಿದಳು. ಒಳಗೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಅದರ ತುಂಬ ಗಲ್ಲದಲ್ಲಿ ಇನ್ನೂ ಮೊಡವೆ ಇರುವ ಮಕ್ಕಳು, ಅವರ ಪಕ್ಕದಲ್ಲಿ ಕಾರಿನ ಕೀ ಆಡಿಸುತ್ತ ಅವರ ಅಪ್ಪ ಅಮ್ಮಂದಿರು. ಕರೆತಂದವರು ಬಲಕ್ಕೆ, ಪರೀಕ್ಷೆಗೆ ಬಂದವರು ಎಡಕ್ಕೆ ಕೂರಬೇಕು. ಮೇಷ್ಟ್ರು ಎಡಕ್ಕೆ, ಮೊಡವೆಗಳ ನಡುವೆ ಕೂತರು. ಫಾರಂನಲ್ಲಿ 'ಅನುಭವ' ಎಂಬಲ್ಲಿ ಮೊದಲ ಸಲ ಇಪ್ಪತ್ತೆರಡು ವರ್ಷ ಎಂದು ಬರೆದಿದ್ದರು, ಗುಮಾಸ್ತೆ ಅದನ್ನು ಪಕ್ಕದವಳಿಗೆ ತೋರಿಸಿದ್ದಳು. ಎರಡನೆಯ ಸಲ ಎರಡು ವರ್ಷ ಎಂದು ಬರೆದಿದ್ದರು. ಈ ಸಲ ಖಾಲಿ ಬಿಟ್ಟರು. ಮೊದಲನೆಯ ಪರೀಕ್ಷೆಯಲ್ಲಿ ಎರಡು ಕಿಲೋಮೀಟರಿಗೆ ನೂರ ನಲವತ್ತು ಬ್ರೇಕು. ಪರೀಕ್ಷಕನ ಕನ್ನಡಕ ಹಾರಿ ಮುಂದಿನ ಗಾಜಿಗೆ ಬಡಿದು, ಅವನ ಟೋಪಿ ಅದನ್ನು ಹುಡುಕಿಕೊಂಡು ಹೋಗಿತ್ತು. ಕಾರಣ: ಅನಗತ್ಯ ನಿಲುಗಡೆ. ಎರಡನೆಯದರಲ್ಲಿ ಹಲ್ಲು ಕಚ್ಚಿ ಕಾಲನ್ನು ಹಿಡಿದಿಟ್ಟರು, ಆದರೆ ಎಡಸೀಟಿನ ಬಾಯಿ ತೆರೆದುಕೊಂಡುಬಿಟ್ಟಿತು. ಕಣ್ಣು ಬೆನ್ನಲ್ಲಿದೆಯೇನಯ್ಯ, ಕತ್ತೆ ಮೇಯಿಸೋಕೆ ಹೊರಟಿದೀಯ, ನಿಮ್ಮಪ್ಪನ ರಸ್ತೆಯೇನೋ ಇದು ಎಂದು, ತಮ್ಮ ಭಾಷೆಯಲ್ಲಿ, ತಮ್ಮ ಕೈಗಳಿಗೇ, ಏಳು ಬೀದಿಗೆ ಕೇಳುವ ಹಾಗೆ. ಭಾಷೆ ಬಾರದ ಪರೀಕ್ಷಕ ಬಾಗಿಲಿಗೆ ಒತ್ತಿಕೊಂಡು ಕೂತಿದ್ದ. ಕಾರಣ: ಪರೀಕ್ಷಕರ ಮೇಲೆ ಕೂಗಾಟ.

ಮೂರನೆಯ ಸಲ ಬಂದವಳು ನರೆತ ಕೂದಲಿನ ಹೆಂಗಸು. ಹಲಗೆಗೆ ಕಾಗದ ಸಿಕ್ಕಿಸಿಕೊಂಡು, ಪೆನ್ಸಿಲು ಕಿವಿಗೆ ಇಟ್ಟುಕೊಂಡು, ಬಲಸೀಟಿನಲ್ಲಿ ಕೂತಳು. ಮೇಷ್ಟ್ರು ಅವಳನ್ನು ನೋಡಿದರು. ಮೇಷ್ಟ್ರೇ, ಎಂದು ಮನಸ್ಸಿನಲ್ಲೇ ಕರೆದರು. ಕರೆದದ್ದೇ ತಡ, ಭುಜದ ಮೇಲಿಂದ ಇಪ್ಪತ್ತೆರಡು ವರ್ಷ ಇಳಿದು ಹಿಂದಿನ ಸೀಟಿಗೆ ಹೋಗಿ ಕೂತಿತು. ಕಾರು ಹೊರಟಿತು. ಹೊರಟಿತು ಎಂದರೆ, ಹಾಲಿನ ಮೇಲೆ ಕೆನೆ ಸರಿದ ಹಾಗೆ. ಮೊದಲನೆಯ ಸಿಗ್ನಲ್ಲು, ಹಸಿರು, ಹಾದರು. ವೃತ್ತ, ಸುತ್ತಿದರು. ಎರಡು ಕಾರುಗಳ ಮಧ್ಯೆ ಹಿಮ್ಮುಖವಾಗಿ ನಿಲ್ಲಿಸು ಎಂದಳು. ಡ್ರಾಯರಿನೊಳಗೆ ಚಮಚ ಇಟ್ಟಂತೆ ಇಟ್ಟರು, ತೆಗೆದರು. ಕಾಲು ಆಕ್ಸಿಲರೇಟರಿನ ಮೇಲೆ ಹಕ್ಕಿಯಷ್ಟು ಹಗುರಾಗಿ ಕೂತಿತ್ತು, ಬ್ರೇಕಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಪೆನ್ಸಿಲು ಕಾಗದದ ಮೇಲೆ ಸರಿ, ಸರಿ, ಸರಿ ಎಂದು ಗೀಚುವುದು ಕೇಳುತ್ತಿತ್ತು. ಹನ್ನೊಂದು ಸಾವಿರದಲ್ಲಿ ಇಷ್ಟು ಒಳ್ಳೆಯ ಶಿಷ್ಯ ಒಬ್ಬನೂ ಸಿಕ್ಕಿರಲಿಲ್ಲ. ಇದು ಇಷ್ಟು ಸುಲಭವೇ? ಪಕ್ಕದಲ್ಲಿ ಒಬ್ಬರಿದ್ದಾರೆ ಎಂದುಕೊಂಡರೆ ಸಾಕೇ? ಶಿಷ್ಯರಿಗೆಲ್ಲ ಹೀಗೇ ಅನ್ನಿಸುತ್ತಿತ್ತೇ, ತೊಟ್ಟಿಲಲ್ಲಿ ಕೂತ ಹಾಗೆ? ಸೋಮವಾರ ಹತ್ತನೆಯ ವ್ಯಾನು. ಹೆಂಡತಿಯನ್ನು ತಾನೇ ಲಾಂಡ್ರಿಗೆ ಬಿಟ್ಟು, ತಾನೇ ಕರೆತರುವುದು. ಕಾಫಿಯ ಕಿಟಕಿಗೆ ವ್ಯಾನು ಹಚ್ಚಿ ಎರಡು ಕಾಫಿ ಎನ್ನುವುದು. ಕೊನೆಯ ರಸ್ತೆ ಬಂತು, ಆಚೆ ತುದಿಯಲ್ಲಿ ಕಚೇರಿಯ ಗೇಟು ಕಂಡಿತು.

ಆಗ ಒಬ್ಬ ಮುದುಕಿ ತರಕಾರಿ ಚೀಲ ಹಿಡಿದು ಬಿಳಿ ಪಟ್ಟಿಗಳ ಮೇಲೆ ಕಾಲಿಟ್ಟಳು. ಮೇಷ್ಟ್ರಿಗೆ ಸಂತೋಷವಾಯಿತು. ಎರಡು ತಿಂಗಳಲ್ಲಿ ಈ ದೇಶದಲ್ಲಿ ಕಂಡ, ನಡೆದು ಹೋಗುವ ಮೊದಲನೆಯ ಜೀವ. ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು: ಕಂದು ಕೋಟು, ಅದರ ಒಂದು ಗುಂಡಿಗೆ ಬೇರೆ ಬಣ್ಣದ ದಾರ, ಚೀಲದಿಂದ ಹೊರಗೆ ಇಣುಕಿದ ಸೊಪ್ಪು. ಅವಳು ಮೂರನೆಯ ಪಟ್ಟಿಗೆ ಬಂದಳು. ಇನ್ನು ಒತ್ತುತ್ತಾರೆ, ಎಂದುಕೊಂಡರು ಮೇಷ್ಟ್ರು. ಸ್ಟಿಯರಿಂಗನ್ನು ನೆಟ್ಟಗೆ ಹಿಡಿದಿದ್ದರು, ಬೆನ್ನು ನೆಟ್ಟಗಿತ್ತು, ಕಲಿಸಿದ ಹಾಗೇ. ನಾಲ್ಕನೆಯ ಪಟ್ಟಿ. ಈಗ ಒತ್ತುತ್ತಾರೆ. ಹಣೆ ಮುಂದಕ್ಕೆ ಹೋಗಿ ಹಿಂದಕ್ಕೆ ಬರುತ್ತದೆ, ಬೈಯುತ್ತಾರೆ, ಕ್ಷಮಿಸಿ ಎಂದರಾಯಿತು. ಮುದುಕಿ ಕತ್ತು ತಿರುಗಿಸಿ ಕಾರನ್ನು ನೋಡಿದಳು. ಮೇಷ್ಟ್ರು ಕಾಯುತ್ತಿದ್ದರು. ಅಷ್ಟು ನೆಮ್ಮದಿಯಿಂದ ಅವರು ಯಾವತ್ತೂ ಏನನ್ನೂ ಕಾದಿರಲಿಲ್ಲ.

ಪರೀಕ್ಷಕಿ ಹಲಗೆ ಎಸೆದು ಎರಡು ಕೈಯಲ್ಲೂ ಹ್ಯಾಂಡ್‌ಬ್ರೇಕ್ ಎಳೆದಳು. ಟೈರು ಕಿರುಚಿ, ಕಾರಿನ ಹಿಂಭಾಗ ಪಕ್ಕಕ್ಕೆ ಸರಿದು, ನಿಂತಿತು. ಮುದುಕಿ ಬಾನೆಟ್ಟಿನ ಮೇಲೆ ಅಂಗೈ ಊರಿ, ಬೀಳದೆ, ನಿಂತಿದ್ದಳು. ಚೀಲ ಬಂಪರಿಗೆ ತಾಗಿತ್ತು. ಒಂದು ಈರುಳ್ಳಿ ಉರುಳಿಕೊಂಡು ಹೋಗಿ ಮೋರಿಯ ಜಾಲರಿಯ ಹತ್ತಿರ ನಿಂತಿತು.

"ನೋಡಲಿಲ್ಲವೇ ನೀವು?" ಎಂದಳು ಪರೀಕ್ಷಕಿ, ಹ್ಯಾಂಡ್‌ಬ್ರೇಕಿನಿಂದ ಕೈ ತೆಗೆಯದೆ.

"ನೋಡಿದೆ."

"ಮತ್ತೆ?"

"ನೀವು ಒತ್ತುತ್ತೀರಿ ಅಂತ," ಎಂದರು ಮೇಷ್ಟ್ರು, ಈ ದೇಶದ ಭಾಷೆಯಲ್ಲಿ, ಮಾತು ಕೂಡಿಸಿ ಕೂಡಿಸಿ. "ನೀವು ಒತ್ತುತ್ತೀರಿ ಅಂತ ಕಾಯ್ತಿದ್ದೆ."

ಹೇಳಿ ಮುಗಿಸಿದ ಮೇಲೆ ಆ ಮಾತು ಯಾರದೆಂದು ಕೇಳಿಸಿತು. ಊರಿನ ಆಸ್ಪತ್ರೆಯ ಕಾರಿಡಾರು, ಒಂದು ಟ್ಯೂಬ್‌ಲೈಟು ಹತ್ತುತ್ತ ಆರುತ್ತ ಇತ್ತು. ದರ್ಜಿ ಬೆಂಚಿನ ತುದಿಯಲ್ಲಿ ಕೂತಿದ್ದ, ಹಣೆಗೆ ಪಟ್ಟಿ, ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇತ್ತು. ಭಾನುವಾರವೂ ಅದನ್ನು ತೆಗೆಯುವುದು ಮರೆತಿದ್ದ. ಮೇಷ್ಟ್ರನ್ನು ಕಂಡು ಎದ್ದು ನಿಂತ. ಬೈಯಲಿಲ್ಲ, ಅಳಲೂ ಇಲ್ಲ. ತಪ್ಪು ಒಪ್ಪಿಸುವ ಶಿಷ್ಯನಂತೆ ಮೆಲ್ಲಗೆ, "ಕ್ಷಮಿಸಿ ಮೇಷ್ಟ್ರೇ. ನೀವು ಒತ್ತುತ್ತೀರಿ ಅಂತ ಕಾಯ್ತಿದ್ದೆ," ಎಂದಿದ್ದ. ನಲವತ್ತು ದಿನದಲ್ಲಿ ಒಂದು ಸಲವೂ ಅವನ ಕಾಲು ಬ್ರೇಕು ಮುಟ್ಟುವುದಕ್ಕೆ ಮೇಷ್ಟ್ರು ಬಿಟ್ಟಿರಲಿಲ್ಲ. ಮುಟ್ಟುವ ಮುಂಚೆ ಎಡಗಡೆಯಿಂದ ಬ್ರೇಕು ಬರುತ್ತಿತ್ತು. ಬರುತ್ತದೆ ಎಂದು ಅವನ ಕಾಲು ಕಲಿತಿತ್ತು. ಅಷ್ಟನ್ನೇ ಕಲಿತಿತ್ತು. ಇದನ್ನು ಮೇಷ್ಟ್ರು ಯಾರಿಗೂ ಹೇಳಿರಲಿಲ್ಲ, ಪೊಲೀಸರಿಗೂ ಹೇಳಿರಲಿಲ್ಲ. ಅವನು ಒಬ್ಬನೇ ತಪ್ಪು ಹೊತ್ತುಕೊಂಡ. ಹನ್ನೊಂದು ಸಾವಿರ ಜನ ಎಲ್ಲೆಲ್ಲೋ, ಯಾವ ಯಾವ ಕೂಡುರಸ್ತೆಯಲ್ಲೋ, ಎಡಕ್ಕೆ ಹೆಂಡತಿಯನ್ನೋ ಮಗುವನ್ನೋ ಕೂರಿಸಿಕೊಂಡು, ಬೆನ್ನು ನೆಟ್ಟಗಿಟ್ಟುಕೊಂಡು ಕಾಯುತ್ತಿದ್ದರು.

ಪರೀಕ್ಷಕಿ ಇಳಿದು ಹೋಗಿ ಮುದುಕಿಯ ಕೈ ಹಿಡಿದು ರಸ್ತೆ ದಾಟಿಸಿದಳು, ಈರುಳ್ಳಿ ಎತ್ತಿಕೊಟ್ಟಳು. ಉಳಿದ ದಾರಿಯನ್ನು ತಾನೇ ಓಡಿಸಿದಳು. ಅಂಗಳದಲ್ಲಿ ಹೆಂಡತಿ ಬೆಂಚಿನಿಂದ ಎದ್ದು ನಿಂತಿದ್ದಳು. ಯಾವ ಸೀಟಿನಿಂದ ಯಾರು ಇಳಿದರು ಎಂಬುದನ್ನು ಕಂಡ ಮೇಲೆ ಅವಳು ಏನೂ ಕೇಳಬೇಕಾಗಿರಲಿಲ್ಲ. ಮೇಷ್ಟ್ರು ಫಲಿತಾಂಶದ ಚೀಟಿ ಕೊಟ್ಟರು. ಅವಳು ಓದಿ, ಎರಡು ಮಡಿಕೆ ಮಾಡಿ, ಬ್ಯಾಗಿನ ಒಳಜೇಬಿಗೆ ಹಾಕಿ, ಜಿಪ್ಪು ಎಳೆದಳು.

"ಕೂತ್ಕೊಳ್ಳಿ," ಎಂದಳು.

ಮೇಷ್ಟ್ರು ತಪ್ಪದೆ ಬಲಬಾಗಿಲಿಗೆ ಹೋದರು. ಮೂರು ಸಿಗ್ನಲ್ಲು ದಾಟಿದವು. ನಾಲ್ಕನೆಯದರ ಹತ್ತಿರ ಮೇಷ್ಟ್ರು ಎಲ್ಲವನ್ನೂ ಹೇಳಿದರು, ಮುದುಕಿಯನ್ನು, ಟೇಪನ್ನು, ಕಾರಿಡಾರಿನ ಟ್ಯೂಬ್‌ಲೈಟನ್ನು. ಸಣ್ಣದು ಮಾಡದೆ, ದೊಡ್ಡದೂ ಮಾಡದೆ ಅವರು ಹೇಳಿದ ಮೊದಲನೆಯ ಸಂಗತಿ ಅದೇ ಇರಬೇಕು. ಹೆಂಡತಿ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ನನ್ನ ತಪ್ಪು," ಎಂದಳು. "ಶಿಷ್ಯ ಅಂದ್ಕೊಳ್ಳಿ ಅಂತ ನಾನು ಹೇಳಬಾರದಿತ್ತು."

"ನಿನ್ನದೇನಿದೆ."

"ನಾನು ಕಲ್ತ ಗಾಡೀಲಿ ಎರಡನೇ ಬ್ರೇಕ್ ಇರ್ಲಿಲ್ಲರೀ. ಮೊದಲನೇ ದಿನ ಆಸ್ಪತ್ರೆ ಕಸದ ಡಬ್ಬಿಗೆ ಗುದ್ದಿದೆ. ಅವಳು ಡಬ್ಬಿ ಎತ್ತಿ ನಿಲ್ಲಿಸಿ, ಇನ್ನೊಂದ್ ಸಲ ಅಂದ್ಲು. ಇನ್ನೊಂದ್ ಸಲಾನೂ ಗುದ್ದಿದೆ. ಮತ್ತೆ ಎತ್ತಿ ನಿಲ್ಲಿಸಿದ್ಲು."

ಮೇಷ್ಟ್ರ ಫೋನು ಜೇಬಿನಲ್ಲಿ ನಡುಗಿತು. ಷಡ್ಡಕನಿರಬೇಕು. ಇಬ್ಬರೂ ಅದು ನಿಲ್ಲುವವರೆಗೆ ಕಾದರು. ಎದುರಿಗೆ ಒಂದು ಬಸ್ಸು ತಿರುಗಿತು. ಮೇಷ್ಟ್ರ ಬಲಗಾಲು ನೆಲವನ್ನು ಒದೆಯಿತು. ಮುಂದೆ ಒಬ್ಬ ಸೈಕಲ್ಲಿನವನು, ಒದೆಯಿತು. ರಸ್ತೆಯ ಮೇಲೆ ಬಿದ್ದ ಮರದ ನೆರಳು, ಒದೆಯಿತು. ಎಷ್ಟು ಒದ್ದರೂ ಕಾರು ತನ್ನ ಪಾಡಿಗೆ ಹೋಗುತ್ತಿತ್ತು.

"ಕಾಲು ಮೇಲಿಟ್ಕೊಳ್ಳಿ," ಎಂದಳು ಹೆಂಡತಿ.

"ಏನು?"

"ಶೂ ಬಿಚ್ಚಿ ಸೀಟಿನ ಮೇಲೆ ಇಟ್ಕೊಳ್ಳಿ. ಅಲ್ಲಿ ಏನೂ ಇಲ್ಲ."

ಮೇಷ್ಟ್ರು ಬಾಗಿ ಶೂ ಬಿಚ್ಚಿದರು. ಎರಡು ಮಂಡಿಗಳನ್ನೂ ಎದೆಗೆ ಎಳೆದುಕೊಂಡು, ಬಲಪಾದವನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದು, ಸೀಟಿನ ಮೇಲೆ ಮುದುಡಿ ಕೂತರು. ಅಂಗಿಯ ಕಂಕುಳಲ್ಲಿ ಹೊಲಿಗೆ ಎಳೆಯಿತು, ಬಿಡಲಿಲ್ಲ, ಗಟ್ಟಿ ಹೊಲಿಗೆ. ಕೂಡುರಸ್ತೆಯಲ್ಲಿ ಒಂದು ದೊಡ್ಡ ಲಾರಿ ಅಡ್ಡಕ್ಕೆ ಬಂತು, ದೂರದಿಂದಲೇ ಕಾಣುತ್ತಿತ್ತು. ಕೈಯೊಳಗೆ ಪಾದ ಮೀನಿನ ಹಾಗೆ ಒದ್ದಾಡಿತು. ಮೇಷ್ಟ್ರು ಅದನ್ನು ಇನ್ನೂ ಬಿಗಿಯಾಗಿ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಹಣೆ ಮುಂದಕ್ಕೆ ಹೋಗುವುದನ್ನು ಕಾದರು. ಹೋಗಲಿಲ್ಲ. ಕಣ್ಣು ಬಿಟ್ಟಾಗ ಲಾರಿ ದಾಟಿಹೋಗಿತ್ತು, ಕಾರು ನಿಂತಿತ್ತು. ಯಾವಾಗ ನಿಂತಿತೋ ಅವರಿಗೆ ಗೊತ್ತಾಗಿರಲಿಲ್ಲ. ಹೆಂಡತಿ ಕನ್ನಡಿ ನೋಡಿ ಮತ್ತೆ ಹೊರಟಳು. ಮೇಷ್ಟ್ರು ಪಾದವನ್ನು ಬಿಡಲಿಲ್ಲ.